ಪಿಟಿಎಸ್‌ಡಿ ಚಿಕಿತ್ಸೆ: ಮೊದಲ ಭೇಟಿಯಿಂದ ಕೊನೆಯ ಸೆಷನ್‌ವರೆಗೆ

ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಜೀವ ನಡುಗಿಸುವ ಘಟನೆಯ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಇರುವವರು ಆ ಹೆಸರು ಹೇಳಿಕೊಂಡು ಬರುವುದು ತೀರ ಕಡಿಮೆ. ನಿದ್ದೆ ಬರುತ್ತಿಲ್ಲ ಎಂದು ಬರುತ್ತಾರೆ. ಎದೆ ಡವಗುಟ್ಟುತ್ತದೆ, ಇಸಿಜಿ ತೆಗೆದರೆ ಏನೂ ಇಲ್ಲ ಅಂತಾರೆ ಎಂದು ಬರುತ್ತಾರೆ. ಎಷ್ಟೋ ಸಲ ಅವರ ಬದಲು ಮನೆಯವರೇ ಬಂದು ಕೂರುತ್ತಾರೆ: "ಮೊದಲು ಹೀಗಿರಲಿಲ್ಲ ಡಾಕ್ಟ್ರೇ. ಪಾತ್ರೆ ಬಿದ್ದ ಸಪ್ಪಳಕ್ಕೂ ರೇಗಾಡ್ತಾರೆ. ಮಕ್ಕಳು ಹತ್ತಿರ ಹೋದರೂ ಸುಮ್ಮನೆ ಗೋಡೆ ನೋಡ್ತಾ ಕೂತಿರ್ತಾರೆ." ಅಪಘಾತವೋ, ಹಲ್ಲೆಯೋ, ಬೆಂಕಿ ಅನಾಹುತವೋ, ಲೈಂಗಿಕ ದೌರ್ಜನ್ಯವೋ ನಡೆದಿದೆ ಎಂಬ ಮಾತು ಬರುವುದು ಎಲ್ಲ ಮುಗಿದ ಮೇಲೆ, ಎದ್ದು ಹೊರಡುವಾಗ. ಇದು ಯುದ್ಧಕ್ಕೆ ಹೋದ ಸೈನಿಕರಿಗೆ ಬರುವ ಕಾಯಿಲೆ ಎಂಬ ನಂಬಿಕೆಯೂ ಇದಕ್ಕೆ ಒಂದು ಕಾರಣ. ಕಾಯಿಲೆಯ ಹಳೆಯ ಹೆಸರುಗಳು ಯುದ್ಧದಿಂದ ಬಂದವು ನಿಜ. ಆದರೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈಗಿನ ಹೆಸರನ್ನು ತನ್ನ ಕೈಪಿಡಿಗೆ ಸೇರಿಸಿದಾಗಲೇ ಸೈನಿಕರಲ್ಲದವರನ್ನೂ ಒಳಗೊಂಡಿತ್ತು.

ಮೊದಲು ನೋಡುವುದು ಕ್ಯಾಲೆಂಡರ್. ಘಟನೆ ನಡೆದು ಎಷ್ಟು ದಿನವಾಯಿತು? ಮೂರು ದಿನದಿಂದ ಒಂದು ತಿಂಗಳವರೆಗಿನ ತೀವ್ರ ತೊಂದರೆಗೆ ಅಕ್ಯೂಟ್ ಸ್ಟ್ರೆಸ್ ಡಿಸಾರ್ಡರ್ ಎನ್ನುತ್ತಾರೆ. ತಿಂಗಳು ದಾಟಿಯೂ ಲಕ್ಷಣಗಳು ಉಳಿದು, ಕೆಲಸಕ್ಕೆ, ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ಮಾತ್ರ ಪಿಟಿಎಸ್‌ಡಿ. ಈ ಒಂದು ತಿಂಗಳ ಗೆರೆ ಸುಮ್ಮನೆ ಎಳೆದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಜೀವ ನಡುಗಿಸುವ ಘಟನೆ ಎದುರಿಸುತ್ತಾರೆ. ಪಿಟಿಎಸ್‌ಡಿ ಆಗುವುದು ಶೇ 4ರ ಆಸುಪಾಸಿನವರಿಗೆ. ಮೊದಲ ವಾರಗಳಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು, ಅಳು, ಮಂಕು ಬಹಳಷ್ಟು ಜನರಿಗೆ ಬರುತ್ತದೆ. ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಘಟನೆಯ ಮಾರನೇ ದಿನವೇ ಎಲ್ಲರನ್ನೂ ಸುತ್ತ ಕೂರಿಸಿ ಏನೇನಾಯಿತು ಹೇಳಿ ಎಂದು ಬಿಡಿಸಿ ಬಿಡಿಸಿ ಕೇಳುವ ಪದ್ಧತಿಯನ್ನು ಈಗಿನ ಪ್ರಮುಖ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಅದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಿದೆ. ಆ ದಿನಗಳಲ್ಲಿ ಬೇಕಾದದ್ದು ಊಟ, ನಿದ್ದೆ, ಸುರಕ್ಷಿತ ಜಾಗ, ತನ್ನವರ ಜೊತೆ, ಮತ್ತು ಅವರಾಗಿಯೇ ಮಾತಾಡಿದರೆ ಕೇಳುವ ಕಿವಿ. ಇನ್ನು ಕೆಲವರಲ್ಲಿ ಕಾಯಿಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಆರು ತಿಂಗಳೋ ಅದಕ್ಕೂ ಹೆಚ್ಚೋ ಕಳೆದ ಮೇಲೆ. ಅಷ್ಟು ಹಳೆಯದಕ್ಕೂ ಇದಕ್ಕೂ ಏನು ಸಂಬಂಧ ಎಂದು ತಳ್ಳಿಹಾಕಬಾರದು.

ಆಮೇಲೆ ಅಳತೆ. ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಈ ತೊಂದರೆ ಎಷ್ಟಿತ್ತು ಎಂದು ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡಬೇಕು, ಒಟ್ಟು 80. ಸಾಮಾನ್ಯವಾಗಿ 31ರಿಂದ 33 ದಾಟಿದರೆ ಪಿಟಿಎಸ್‌ಡಿ ಇರುವ ಸಾಧ್ಯತೆ ಎಂದು ಹಿಡಿದು ವಿವರವಾದ ಸಂದರ್ಶನಕ್ಕೆ ಹೋಗುತ್ತೇವೆ. ಪ್ರಶ್ನೆಗಳು ನಾಲ್ಕು ಗುಂಪಿನವು. ಬೇಡವೆಂದರೂ ನುಗ್ಗುವ ನೆನಪು, ಕನಸು, ಫ್ಲಾಶ್‌ಬ್ಯಾಕ್ (ಘಟನೆ ಈಗಲೇ ಮತ್ತೆ ನಡೆಯುತ್ತಿದೆ ಎನ್ನಿಸುವುದು) ಒಂದು ಗುಂಪು. ನೆನಪನ್ನೂ ಅದನ್ನು ಎಬ್ಬಿಸುವ ಜಾಗ, ಜನ, ಮಾತುಗಳನ್ನೂ ದೂರ ಇಡುವುದು ಎರಡನೆಯದು. "ತಪ್ಪು ನನ್ನದೇ", "ಯಾರನ್ನೂ ನಂಬುವ ಹಾಗಿಲ್ಲ" ಎಂಬ ಯೋಚನೆಗಳು, ಪ್ರೀತಿ ಸಂತೋಷ ಯಾವುದೂ ಒಳಗೆ ತಟ್ಟದ ಮರಗಟ್ಟುವಿಕೆ ಮೂರನೆಯದು. ಸದಾ ಎಚ್ಚರ, ಸಿಟ್ಟು, ಬೆಚ್ಚುವುದು, ನಿದ್ದೆಗೇಡು ಕೊನೆಯದು.

ಈ ಹಂತದಲ್ಲೇ ಲೆಕ್ಕ ತಪ್ಪುವುದುಂಟು. ಒಂದಕ್ಕಿಂತ ಹೆಚ್ಚು ಆಘಾತ ಕಂಡವರು ಪ್ರತಿ ಪ್ರಶ್ನೆಗೂ ಬೇರೆ ಬೇರೆ ಘಟನೆ ಮನಸ್ಸಿನಲ್ಲಿಟ್ಟು ಉತ್ತರಿಸುತ್ತಾರೆ. ಆಗ ಬಂದ ಅಂಕಕ್ಕೆ ಅರ್ಥವಿರುವುದಿಲ್ಲ. ಈಗ ಅತಿ ಹೆಚ್ಚು ಕಾಡುತ್ತಿರುವ ಒಂದೇ ಘಟನೆಯನ್ನು ಆರಿಸಿಕೊಂಡು, ಅದರ ಮೇಲೇ ಇಪ್ಪತ್ತೂ ಪ್ರಶ್ನೆಗೆ ಉತ್ತರ ಬರೆಯಬೇಕು. ಮನೆಯವರು ಪಕ್ಕದಲ್ಲಿ ಕೂತು "ಅಷ್ಟೇನಿಲ್ಲ ಬಿಡಿ" ಎಂದರೆ ಅಂಕ ಇಳಿಯುತ್ತದೆ, ಆದ್ದರಿಂದ ಇದನ್ನು ಒಬ್ಬರೇ ತುಂಬಬೇಕು. ತಲೆಗೆ ಪೆಟ್ಟು ಬಿದ್ದಿತ್ತೇ, ಕುಡಿತ ಎಷ್ಟಿದೆ, ಖಿನ್ನತೆ ಜೊತೆಗಿದೆಯೇ, ಗೊರಕೆ ಹೊಡೆದು ಉಸಿರು ಕಟ್ಟಿ ಏಳುತ್ತಾರೆಯೇ ಎಂಬುದನ್ನೂ ಕೇಳಲೇಬೇಕು. ಇವು ಪಿಟಿಎಸ್‌ಡಿಯ ಜೊತೆಗೂ ಬರುತ್ತವೆ, ಪಿಟಿಎಸ್‌ಡಿಯಂತೆಯೂ ಕಾಣುತ್ತವೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಸುಳ್ಳು. ಹೌದು ಎಂದು ಉತ್ತರ ಬಂದರೆ ಉಳಿದದ್ದೆಲ್ಲ ಬದಿಗಿರಲಿ, ಮೊದಲು ಅವರ ಸುರಕ್ಷತೆ. ಮನೆಯಲ್ಲಿರುವ ವಿಷ, ಮಾತ್ರೆಗಳ ರಾಶಿ, ಆಯುಧ ಕೈಗೆ ಸಿಗದಂತೆ ತೆಗೆದಿಡಬೇಕು, ಅವರನ್ನು ಒಂಟಿಯಾಗಿ ಬಿಡಬಾರದು, ಅಂದೇ ಆಸ್ಪತ್ರೆಗೆ ತೋರಿಸಬೇಕು.

ಹಾಗಾದರೆ ಹೆಚ್ಚಿನವರಲ್ಲಿ ಇಳಿಯುವ ಭಯ ಇವರಲ್ಲಿ ಯಾಕೆ ಇಳಿಯಲಿಲ್ಲ? ಜೀವಕ್ಕೇ ಬಂದ ಗಳಿಗೆಯಲ್ಲಿ ಮೆದುಳಿನ ಅಮಿಗ್ಡಲ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ನೆನಪಿಗೆ ಊರು, ಹೊತ್ತು, ಹಿಂದುಮುಂದು ಸೇರಿಸಿಕೊಡುವ ಹಿಪೊಕ್ಯಾಂಪಸ್‌ನ ಕೆಲಸ ಆ ಗದ್ದಲದಲ್ಲಿ ಕೆಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಹಾಗಾಗಿ ಆ ನೆನಪು "ಅಂದು ಆಗಿತ್ತು" ಎಂದು ಬರುವುದಿಲ್ಲ, "ಈಗ ಆಗುತ್ತಿದೆ" ಎಂದು ಬರುತ್ತದೆ. ಬ್ರೇಕಿನ ಕಿರುಚಾಟ ಕೇಳಿದರೆ ಸಾಕು, ಮೈ ಬೆವರಿ ಕೈ ನಡುಗುತ್ತದೆ. ಇಷ್ಟು ಹಿಂಸೆ ಕೊಡುವುದನ್ನು ಯಾರಾದರೂ ದೂರವೇ ಇಡುತ್ತಾರೆ. ದೂರ ಇಟ್ಟ ತಕ್ಷಣ ನೆಮ್ಮದಿಯೂ ಸಿಗುತ್ತದೆ. ಆದರೆ ಆ ನೆಮ್ಮದಿಯಿಂದ ಮೆದುಳು ಕಲಿಯುವ ಪಾಠ "ನಾನು ದೂರ ಹೋಗಿದ್ದಕ್ಕೇ ಉಳಿದುಕೊಂಡೆ" ಎಂಬುದು. ಮೊದಲು ಆ ರಸ್ತೆ ಬಿಡುತ್ತಾರೆ, ಆಮೇಲೆ ಕಾರು, ಆಮೇಲೆ ಸುದ್ದಿ ನೋಡುವುದು, ಆಮೇಲೆ ಗೆಳೆಯರ ಮನೆ. ಕಾಯಿಲೆಯನ್ನು ವರ್ಷಗಟ್ಟಲೆ ಸಾಕುವುದು ಈ ತಪ್ಪಿಸಿಕೊಳ್ಳುವಿಕೆಯೇ, ಮತ್ತು ಅದಕ್ಕೆ ಅನ್ನ ಹಾಕುವವರಲ್ಲಿ ಮನೆಯವರೂ ಸೇರಿಕೊಂಡಿರುತ್ತಾರೆ, ಅದೂ ಪೂರ್ತಿ ಪ್ರೀತಿಯಿಂದ. ಅದರ ಮಾತು ಮುಂದೆ ಬರುತ್ತದೆ.

ಚಿಕಿತ್ಸೆಯಲ್ಲಿ ಅತಿ ಹೆಚ್ಚು ಪುರಾವೆ ಇರುವವು ಮಾತಿನ ಚಿಕಿತ್ಸೆಗಳು, ಅದರಲ್ಲೂ ಆ ಘಟನೆಯನ್ನೇ ನೇರವಾಗಿ ಎದುರುಗೊಳ್ಳುವಂಥವು. ಮೂರು ಮುಖ್ಯ. ಎಡ್ನಾ ಫೋಆ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್. ಪ್ಯಾಟ್ರೀಶಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ. ಫ್ರಾನ್ಸಿನ್ ಶಪಿರೊ ಶುರುಮಾಡಿದ, ಕಣ್ಣಿನ ಚಲನೆ ಬಳಸುವ ಇಎಂಡಿಆರ್. ಎರಡನೆಯದರಲ್ಲಿ, ಅಂದರೆ ರೆಸಿಕ್ ಅವರ ಪದ್ಧತಿಯಲ್ಲಿ, ಸಾಮಾನ್ಯವಾಗಿ 12 ಸೆಷನ್. ಘಟನೆ ಯಾಕಾಯಿತು, ಅದರಿಂದ ನನ್ನ ಬಗ್ಗೆ, ಬೇರೆಯವರ ಬಗ್ಗೆ, ಲೋಕದ ಬಗ್ಗೆ ನನ್ನ ನಂಬಿಕೆ ಏನಾಯಿತು ಎಂದು ಬರೆದು ತರಲು ಹೇಳುತ್ತಾರೆ. ಆ ಬರಹದಲ್ಲಿ "ನಾನು ಕೂಗಿಕೊಳ್ಳಬೇಕಿತ್ತು, ಕೂಗಲಿಲ್ಲ, ಆದ್ದರಿಂದ ನಾನೂ ಒಪ್ಪಿದಂತೆ" ಎಂಬಂಥ, ಮನಸ್ಸು ಸಿಕ್ಕಿಹಾಕಿಕೊಂಡ ವಾಕ್ಯಗಳನ್ನು ಹೆಕ್ಕಿ ಒಂದೊಂದಾಗಿ ವಿಚಾರಣೆಗೆ ಒಡ್ಡುತ್ತಾರೆ: ಅಂದು ಆ ಗಳಿಗೆಯಲ್ಲಿ ನಿಮಗೆ ಗೊತ್ತಿದ್ದದ್ದು ಏನು, ಇವತ್ತು ಗೊತ್ತಿರುವುದು ಏನು? ಭಯದಲ್ಲಿ ದೇಹ ಮರಗಟ್ಟುವುದು ಒಪ್ಪಿಗೆಯೇ? ತಪ್ಪಿತಸ್ಥ ಭಾವ, ನಾಚಿಕೆ ಮೇಲುಗೈ ಆಗಿರುವವರಿಗೆ ಇದನ್ನು ನಾವು ಮೊದಲು ಸೂಚಿಸುತ್ತೇವೆ. ಮೂರರಲ್ಲಿ ಯಾವುದು ಎಂಬುದಕ್ಕಿಂತ, ಅದರಲ್ಲಿ ತರಬೇತಿ ಪಡೆದವರು ಸಿಗುತ್ತಾರೆಯೇ ಎಂಬುದು ಹೆಚ್ಚು ಮುಖ್ಯ. "ಕೌನ್ಸೆಲಿಂಗ್ ಮಾಡುತ್ತೇವೆ" ಎಂದರೆ ಸಾಲದು. ಪಿಟಿಎಸ್‌ಡಿಗೆ ಯಾವ ಪದ್ಧತಿ ಬಳಸುತ್ತೀರಿ, ಎಷ್ಟು ಸೆಷನ್, ಪ್ರಗತಿ ಹೇಗೆ ಅಳೆಯುತ್ತೀರಿ ಎಂದು ಕೇಳಿ. ಗೊತ್ತಿರುವವರು ಇದಕ್ಕೆ ಬೇಸರಪಡುವುದಿಲ್ಲ.

ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಒಳಗಿನಿಂದ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೆದರುವುದು ಇದಕ್ಕೇ. ಒಟ್ಟು 8ರಿಂದ 15 ಸೆಷನ್, ಒಂದೊಂದೂ 90 ನಿಮಿಷ, ವಾರಕ್ಕೆ ಒಂದು ಅಥವಾ ಎರಡು. ಮೊದಲ ಸೆಷನ್‌ನಲ್ಲಿ ಚಿಕಿತ್ಸೆಯ ತರ್ಕ ಮತ್ತು ಉಸಿರಾಟದ ಒಂದು ಅಭ್ಯಾಸ: ಮೂಗಿನಿಂದ ಮಾಮೂಲಿ ಉಸಿರು ಎಳೆದು, ಬಹಳ ನಿಧಾನವಾಗಿ ಬಿಡುತ್ತ ಮನಸ್ಸಿನಲ್ಲೇ "ಶಾಂತ" ಎಂದುಕೊಳ್ಳುವುದು, ನಾಲ್ಕು ಎಣಿಸಿ ಮತ್ತೆ ಎಳೆಯುವುದು. ದೀರ್ಘ ಉಸಿರು ಎಳೆಯಿರಿ ಎಂದು ಕಲಿಸಿದರೆ ಹಲವರಿಗೆ ತಲೆ ಸುತ್ತುತ್ತದೆ. ಗಮನ ಇರಬೇಕಾದ್ದು ಉಸಿರು ಬಿಡುವುದರ ಮೇಲೆ.

ಎರಡನೇ ಸೆಷನ್‌ನಲ್ಲಿ ಒಂದು ಪಟ್ಟಿ. ಭಯವನ್ನು 0ಯಿಂದ 100ರವರೆಗೆ ಅಳೆಯುವ ರೂಢಿ ಇದೆ. 0 ಎಂದರೆ ಪೂರ್ತಿ ನೆಮ್ಮದಿ, 100 ಎಂದರೆ ಬದುಕಿನಲ್ಲಿ ಕಂಡ ಅತಿ ದೊಡ್ಡ ಭಯ. ರಸ್ತೆ ಅಪಘಾತಕ್ಕೆ ಸಿಕ್ಕವರ ಪಟ್ಟಿ ಸುಮಾರು ಹೀಗಿರುತ್ತದೆ: ನಿಂತ ಕಾರಿನಲ್ಲಿ ಬಾಗಿಲು ಹಾಕಿ ಕೂರುವುದು 40; ಹಗಲಲ್ಲಿ ಬೇರೆಯವರು ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿ ಹೋಗುವುದು 50; ಮುಂದಿನ ಸೀಟು 60; ತಾವೇ ಓಡಿಸುವುದು 70; ಅಪಘಾತವಾದ ರಸ್ತೆಯಲ್ಲಿ ಹಗಲಲ್ಲಿ 85; ಅದೇ ರಸ್ತೆ, ಮಳೆ ಬರುವ ರಾತ್ರಿ 100. ನಲವತ್ತರಿಂದ ಶುರು. ಒಮ್ಮೆ ಕೂತರೆ 30–45 ನಿಮಿಷ, ಅಥವಾ ಭಯ ಅರ್ಧಕ್ಕೆ ಇಳಿಯುವವರೆಗೆ ಏಳುವಂತಿಲ್ಲ. 70 ಇದ್ದಾಗಲೇ ಎದ್ದುಬಿಟ್ಟರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಮರುದಿನ ಮತ್ತೆ ಅದೇ, ಅದು ಸಲೀಸಾದ ಮೇಲೆ ಮುಂದಿನದು. ಇಲ್ಲಿ ಕಣ್ಣು ತಪ್ಪಿಸುವುದು ಸಣ್ಣ ಸಣ್ಣ ಊರುಗೋಲುಗಳು: ಕಣ್ಣು ಮುಚ್ಚಿ ಕೂರುವುದು, ಬಾಗಿಲ ಹಿಡಿ ಬಿಡದಿರುವುದು, ಉದ್ದಕ್ಕೂ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವುದು, ಜೇಬಿನಲ್ಲಿ ನಿದ್ದೆಮಾತ್ರೆ. ಆ ಉಸಿರಾಟದ ಅಭ್ಯಾಸವನ್ನೂ ಈ ಹೊತ್ತಿನಲ್ಲಿ ಬಳಸಬಾರದು. "ಮಾತ್ರೆ ಜೇಬಲ್ಲಿದ್ದುದಕ್ಕೆ ಆಯಿತು" ಎಂದು ಮನಸ್ಸು ಹೇಳಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ. ಒಂದು ಎಚ್ಚರಿಕೆ: ಪಟ್ಟಿಯಲ್ಲಿರಬೇಕಾದ್ದು ನಿಜಕ್ಕೂ ಸುರಕ್ಷಿತವಾದ ಸಂಗತಿಗಳು ಮಾತ್ರ. ಹೊಡೆಯುವ ಗಂಡನ ಜೊತೆ ಇನ್ನೂ ಇರುವ ಹೆಂಗಸಿಗೆ ಭಯ ಕಾಯಿಲೆಯಲ್ಲ, ತಿಳಿವಳಿಕೆ. ಅಲ್ಲಿ ಮೊದಲ ಕೆಲಸ ಆಕೆಯ ರಕ್ಷಣೆ.

ಮೂರನೇ ಸೆಷನ್‌ನಿಂದ ನೆನಪಿನ ಕೆಲಸ. ಕಣ್ಣು ಮುಚ್ಚಿ, ವರ್ತಮಾನದಲ್ಲಿ, "ನಾನು" ಎಂದು ಹೇಳಬೇಕು: "ನಾನು ಎಡಕ್ಕೆ ತಿರುಗಿಸ್ತಾ ಇದ್ದೀನಿ. ಎದುರಿಂದ ಲೈಟು. ಡೀಸೆಲ್ ವಾಸನೆ ಬರ್ತಾ ಇದೆ." ಮುಗಿದರೆ ಮತ್ತೆ ಮೊದಲಿಂದ, ಹೀಗೆ 45ರಿಂದ 60 ನಿಮಿಷ. ಥೆರಪಿಸ್ಟ್ ಐದೈದು ನಿಮಿಷಕ್ಕೊಮ್ಮೆ "ಈಗ ಎಷ್ಟು?" ಎಂದು ಕೇಳುತ್ತಾರೆ, "ಎಂಬತ್ತೈದು" ಎಂದು ಸಂಖ್ಯೆ ಹೇಳಿ ಮುಂದುವರಿಯುವುದು, ಅಷ್ಟೇ. ಸಮಾಧಾನದ ಮಾತು, ಉಪದೇಶ ಅಲ್ಲಿ ಬರುವುದಿಲ್ಲ. ಕೊನೆಯ 15–20 ನಿಮಿಷ ಕಣ್ಣು ಬಿಟ್ಟು ಅದರ ಬಗ್ಗೆ ಮಾತು: ಇವತ್ತು ಹೊಸದಾಗಿ ಏನು ಕಂಡಿತು? ಎಷ್ಟೋ ಸಲ ಇಲ್ಲಿ ಹೊರಬರುವುದು, ಇಷ್ಟು ದಿನ ನೆನಪಿನಿಂದ ಕತ್ತರಿಸಿ ಹೋಗಿದ್ದ ಒಂದು ತುಣುಕು. ಬ್ರೇಕ್ ಒತ್ತಲೇ ಇಲ್ಲ ಎಂದು ತನ್ನನ್ನು ಶಪಿಸಿಕೊಂಡವರು, ಒತ್ತಿದ್ದನ್ನು, ಕಾಲಿಗೆ ತಾಗಿದ ಗಟ್ಟಿ ಪೆಡಲನ್ನು ತಾವೇ ಹೇಳುತ್ತಾರೆ. ಕೆಲವು ಸೆಷನ್ ಕಳೆದ ಮೇಲೆ ಪೂರ್ತಿ ಕಥೆ ಬಿಟ್ಟು, ಅತಿ ಕೆಟ್ಟ ಆ ಒಂದೆರಡು ನಿಮಿಷವನ್ನೇ ಹಿಡಿದು ಮತ್ತೆ ಮತ್ತೆ ಹೇಳಿಸುತ್ತೇವೆ. ಎಲ್ಲವೂ ರೆಕಾರ್ಡ್ ಆಗುತ್ತದೆ. ಮನೆಯಲ್ಲಿ ದಿನಾ ಒಮ್ಮೆ ಕೇಳಬೇಕು. ಮಲಗುವ ಮುನ್ನ ಬೇಡ, ವಾಹನ ಓಡಿಸುತ್ತ ಖಂಡಿತ ಬೇಡ, ಮನೆಯ ಬೇರೆಯವರಿಗೆ ಕೇಳಿಸುವಂತೆಯೂ ಬೇಡ.

ಇದು ಎರಡು ಕಡೆ ಜಾರುತ್ತದೆ. ಕೆಲವರು ಪೊಲೀಸರಿಗೆ ಹೇಳಿಕೆ ಕೊಟ್ಟಂತೆ "ಗಾಡಿ ಬಂತು, ಗುದ್ದಿತು, ಆಸ್ಪತ್ರೆಗೆ ಸೇರಿಸಿದರು" ಎಂದು ಒಣಗಿದ ದನಿಯಲ್ಲಿ ಮುಗಿಸುತ್ತಾರೆ. ಭಯ ಏಳುವುದೇ ಇಲ್ಲ, ಆದ್ದರಿಂದ ಇಳಿಯುವುದೂ ಇಲ್ಲ. ಅವರಿಗೆ ವಾಸನೆ, ಸಪ್ಪಳ, ಮೈಗೆ ತಾಗಿದ್ದು ಕೇಳಿ ಕೇಳಿ ಒಳಗೆ ಇಳಿಸಬೇಕು. ಇನ್ನು ಕೆಲವರು ಪೂರ್ತಿ ಮುಳುಗಿ, ತಾನು ಈಗ ಕೋಣೆಯಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಾರೆ. ಅವರಿಗೆ ಕಣ್ಣು ತೆರೆದೇ ಹೇಳಲು, ಭೂತಕಾಲದಲ್ಲಿ ಹೇಳಲು, ಅಥವಾ ಬರೆಯಲು ಹೇಳಬೇಕು. ಶುರುವಿನ ಒಂದೆರಡು ವಾರ ಕೆಲವರಿಗೆ ಕನಸು ಹೆಚ್ಚಾಗಬಹುದು, ಸಿಟ್ಟು ಏರಬಹುದು. ಇದು ಚಿಕಿತ್ಸೆ ಸೋತ ಲಕ್ಷಣವಲ್ಲ, ಹೀಗಾದವರೂ ಉಳಿದವರಂತೆಯೇ ಗುಣವಾಗುತ್ತಾರೆ. ದುಃಖದ ಸಂಗತಿಯೆಂದರೆ, ಅನೇಕರು ಬಿಟ್ಟು ಹೋಗುವುದು ಸರಿಯಾಗಿ ಈ ಹೊತ್ತಿಗೇ. "ಇದರಿಂದ ಜಾಸ್ತಿನೇ ಆಗ್ತಿದೆ, ಬಿಟ್ಟುಬಿಡಿ" ಎಂದು ಮನೆಯವರೇ ಬಿಡಿಸುವುದೂ ಇದೆ. ಅದಕ್ಕೇ ಮೊದಲ ವಾರದಲ್ಲೇ ಅವರನ್ನೂ ಕರೆದು ಹೀಗಾಗಬಹುದು ಎಂದು ಹೇಳಿಬಿಡುವುದು ಒಳ್ಳೆಯದು.

ಮಾತ್ರೆಗಳ ವಿಷಯ ಚುಟುಕಾಗಿ. ಪುರಾವೆ ಇರುವವು ಸರ್ಟ್ರಲಿನ್, ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್. ಪರಿಣಾಮ ಕಾಣಲು ವಾರಗಳೇ ಬೇಕು. ಹತ್ತು ದಿನ ನುಂಗಿ ಏನೂ ಆಗಲಿಲ್ಲ ಎಂದು ಬಿಡಬಾರದು, ಗುಣವಾಯಿತೆಂದು ಥಟ್ಟನೆ ನಿಲ್ಲಿಸಲೂಬಾರದು. ಆಲ್ಪ್ರಜೋಲಮ್, ಕ್ಲೋನಜೆಪಾಮ್, ಲೋರಜೆಪಾಮ್ ಜಾತಿಯವು ಆ ರಾತ್ರಿಗೆ ನೆಮ್ಮದಿ ಕೊಡುತ್ತವೆ, ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಅಭ್ಯಾಸ ಹತ್ತಿಸುತ್ತವೆ. ಮಾರ್ಗಸೂಚಿಗಳು ಬೇಡ ಎನ್ನುತ್ತವೆ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇಂದೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ; ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಇಳಿಸಬೇಕು. ಕೆಟ್ಟ ಕನಸಿಗೆ ಪ್ರಜೋಸಿನ್ ಕೆಲವರಿಗೆ ಒಗ್ಗುತ್ತದೆ, ಎಲ್ಲರಿಗೂ ಅಲ್ಲ. ಅದು ಬಿಪಿ ಇಳಿಸುವ ಮಾತ್ರೆ, ಆದ್ದರಿಂದ ಮೊದಲ ದಿನಗಳಲ್ಲಿ ರಾತ್ರಿ ಎದ್ದಾಗ ಹಾಸಿಗೆಯಂಚಿನಲ್ಲಿ ಎರಡು ನಿಮಿಷ ಕೂತೇ ನಿಲ್ಲಬೇಕು.

ಈಗ ಮನೆಯವರ ಕಡೆ. ರಾತ್ರಿ ಪಿಟಿಎಸ್‌ಡಿ ಇರುವವರು ಚೀರಿ ಕೈಕಾಲು ಬಡಿಯುತ್ತಿದ್ದರೆ ಹಿಡಿದು ಅಲುಗಾಡಿಸಬೇಡಿ. ಕನಸಿನಲ್ಲಿ ಮೈಮೇಲೆ ಬಿದ್ದವರು ನೀವೇ ಎಂದುಕೊಂಡು ಹೊಡೆಯಬಹುದು, ಆಮೇಲೆ ಅದೇ ನಾಚಿಕೆಗೆ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡಬಹುದು. ಎದ್ದು ಕಾಲ ಕಡೆಗೋ ಬಾಗಿಲ ಬಳಿಗೋ ಸರಿದು ದೀಪ ಹಾಕಿ. ಮಾಮೂಲಿ ದನಿಯಲ್ಲಿ ಹೆಸರು ಕರೆದು, ನೀವು ಯಾರು, ಇದು ಯಾವ ಜಾಗ ಎಂದು ಹೇಳಿ: "ನಾನು ಸುಮ. ನಾವು ಮನೇಲಿದ್ದೀವಿ. ಕನಸು ಬಿದ್ದಿತ್ತು." ಕಣ್ಣು ನಿಮ್ಮನ್ನು ಗುರುತಿಸಿದ ಮೇಲೆ, ಹತ್ತಿರ ಬರಲೇ ಎಂದು ಕೇಳಿ ಬನ್ನಿ. ನೀರು ಕೊಡಿ, ಪಾದ ನೆಲಕ್ಕೆ ಊರಿಸಿ ಕೂರಿಸಿ. ಕನಸಲ್ಲಿ ಏನಿತ್ತು ಎಂದು ಆಗಲೇ ಕೇಳುವುದು ಬೇಡ. ಹಗಲಿನ ಫ್ಲಾಶ್‌ಬ್ಯಾಕ್‌ಗೂ ಇದೇ ಕ್ರಮ.

ಹೆಚ್ಚು ಕಷ್ಟದ್ದು ಪ್ರೀತಿಯಿಂದ ಮಾಡಿಕೊಂಡ ಹೊಂದಾಣಿಕೆಗಳನ್ನು ಬಿಡುವುದು. ಫೋನ್ ಬಂದರೆ ಅವರ ಪರವಾಗಿ ನೀವೇ ಎತ್ತುತ್ತೀರಿ. ನೆಂಟರ ಮದುವೆಗೆ "ಅವರಿಗೆ ಹುಷಾರಿಲ್ಲ" ಎನ್ನುತ್ತೀರಿ. ಸಂತೆಗೆ, ಬ್ಯಾಂಕಿಗೆ, ಮಕ್ಕಳ ಶಾಲೆಗೆ ನೀವೇ ಓಡುತ್ತೀರಿ. ಮಕ್ಕಳಿಗೆ ಆಡುವಾಗಲೂ ಪಿಸುಗುಟ್ಟಲು ಕಲಿಸುತ್ತೀರಿ. ಒಂದೊಂದೂ ಅವರಿಗೆ ಆ ದಿನದ ನೆಮ್ಮದಿ, ಕಾಯಿಲೆಗೆ ಇನ್ನೊಂದು ವರ್ಷದ ಆಯುಸ್ಸು. ಹಾಗೆಂದು ಎಲ್ಲ ಒಂದೇ ದಿನ ನಿಲ್ಲಿಸಿದರೆ ಅದು ಶಿಕ್ಷೆಯಂತಾಗುತ್ತದೆ. ಇಬ್ಬರೂ ಕೂತು ಪಟ್ಟಿ ಬರೆದು, ಅವರ ಒಪ್ಪಿಗೆಯಿಂದ, ಥೆರಪಿಯ ಪಟ್ಟಿಗೆ ಜೋಡಿಸಿ ಒಂದೊಂದೇ ಹಿಂದಕ್ಕೆ ತೆಗೆಯಬೇಕು. ಈ ವಾರ ಫೋನು ಅವರೇ ಎತ್ತುತ್ತಾರೆ, ಅಷ್ಟೇ.

ಸಿಟ್ಟಿಗೆ ಒಂದು ಒಪ್ಪಂದ ಬೇಕು, ಅದನ್ನು ಇಬ್ಬರೂ ತಣ್ಣಗಿದ್ದಾಗ ಮಾಡಿಕೊಳ್ಳಬೇಕು. ಒಂದು ಗುರುತಿನ ಮಾತು, ಯಾರು ಎಲ್ಲಿಗೆ ಎದ್ದು ಹೋಗುವುದು, ಎಷ್ಟು ಹೊತ್ತಿಗೆ ವಾಪಸು. ಅರ್ಧ ಗಂಟೆ ಎಂದರೆ ಅರ್ಧ ಗಂಟೆಗೆ ಬಂದು ಆ ಮಾತು ಮುಗಿಸಬೇಕು. ಬಾರದೇ ಹೋದರೆ ಅದೂ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತದೆ. ಕೈ ಎತ್ತುವುದಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಪಿಟಿಎಸ್‌ಡಿ ಇದೆ ಎಂದು ಮನೆಯವರು ಏಟು ತಿನ್ನಬೇಕಾಗಿಲ್ಲ, ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುವುದು ದ್ರೋಹವಲ್ಲ.

ಸಿಟ್ಟಿಗಿಂತಲೂ ಮನೆಯವರನ್ನು ಸವೆಸುವುದು ಆ ಮರಗಟ್ಟುವಿಕೆ ಎಂದೇ ನಮಗೆ ಅನ್ನಿಸುತ್ತದೆ. ಮಗು ಚಿತ್ರ ಬರೆದು ತಂದು ತೋರಿಸಿದರೆ ಮುಖ ಅರಳುವುದಿಲ್ಲ. "ಅಪ್ಪನಿಗೆ ನಾನು ಬೇಡ" ಎಂದು ಮಗು ತಾನೇ ತೀರ್ಮಾನಿಸುತ್ತದೆ. ಮಕ್ಕಳಿಗೆ ಘಟನೆಯ ವಿವರ ಬೇಕಿಲ್ಲ, ಕಾರಣ ಬೇಕು: "ಅಪ್ಪನಿಗೆ ತುಂಬ ಭಯದ ಒಂದು ಸಂಗತಿ ಆಗಿತ್ತು. ಅದರಿಂದ ಈಗ ಬೇಗ ಸಿಟ್ಟು ಬರುತ್ತೆ, ನಗು ಕಡಿಮೆಯಾಗಿದೆ. ಇದು ನಿನ್ನಿಂದ ಆದದ್ದಲ್ಲ. ಡಾಕ್ಟರ ಹತ್ತಿರ ಹೋಗ್ತಾ ಇದ್ದಾರೆ." ಇದನ್ನು ಒಂದು ಸಲ ಹೇಳಿದರೆ ಸಾಲದು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂರುವ, 15 ಸೆಷನ್‌ಗಳ ಒಂದು ಪದ್ಧತಿಯನ್ನು ಕ್ಯಾಂಡಿಸ್ ಮಾನ್ಸನ್ ರೂಪಿಸಿದ್ದಾರೆ. ಸಂಸಾರವೇ ಹದಗೆಟ್ಟಿರುವಾಗ ಅದು ಹೆಚ್ಚು ಹೊಂದುತ್ತದೆ. ನೋಡಿಕೊಳ್ಳುವವರಿಗೂ ನಿದ್ದೆ ಹೋಗುತ್ತದೆ, ಖಿನ್ನತೆ ಹತ್ತುತ್ತದೆ. ಅವರು ತಮಗಾಗಿ ಡಾಕ್ಟರನ್ನು ಕಾಣುವುದು ಸ್ವಾರ್ಥವಲ್ಲ.

ಚಿಕಿತ್ಸೆಯ ನಡುವೆ ಒಂದೆರಡು ವಾರಕ್ಕೊಮ್ಮೆ ಪಿಸಿಎಲ್-5 ಮತ್ತೆ ತುಂಬಿಸುತ್ತೇವೆ. ಆಗ ಕೇಳುವುದು ತಿಂಗಳನ್ನಲ್ಲ, ಕಳೆದ ವಾರವನ್ನು. 10 ಅಂಕ ಇಳಿದರೆ ನಿಜವಾದ ಬದಲಾವಣೆ ಎಂದು ಹಿಡಿಯಬಹುದು. ಅರ್ಧ ದಾರಿ ಕಳೆದೂ ಅಂಕ ಕದಲದಿದ್ದರೆ ಮೊದಲು ನೋಡಬೇಕಾದ್ದು ಮನೆಯಲ್ಲಿ ಮಾಡಬೇಕಾದ ಅಭ್ಯಾಸ: ರೆಕಾರ್ಡಿಂಗ್ ನಿಜಕ್ಕೂ ಕೇಳುತ್ತಿದ್ದಾರೆಯೇ, ಊರುಗೋಲು ಯಾವುದು ಉಳಿದಿದೆ, ಸಂಜೆಯ ಕುಡಿತ ಎಷ್ಟಿದೆ, ಆರಿಸಿಕೊಂಡ ಘಟನೆಯೇ ಸರಿಯಾದುದೇ? ಇವೆಲ್ಲ ಸರಿಯಿದ್ದೂ ಕದಲದಿದ್ದರೆ ಪದ್ಧತಿ ಬದಲಿಸಬೇಕು ಅಥವಾ ಮಾತ್ರೆ ಸೇರಿಸಬೇಕು. ಒಂದು ಪದ್ಧತಿ ಒಗ್ಗದವರಿಗೆ ಇನ್ನೊಂದು ಒಗ್ಗಬಹುದು.

ಕೊನೆಯ ಸೆಷನ್‌ನಲ್ಲಿ ಹಳೆಯ ಪಟ್ಟಿ ತೆಗೆದು, ಪ್ರತಿಯೊಂದಕ್ಕೂ ಈಗ ಎಷ್ಟು ಎಂದು ಹೊಸ ಸಂಖ್ಯೆ ಬರೆಸುತ್ತೇವೆ. ಎಲ್ಲ ಸೊನ್ನೆಯಾಗುವುದಿಲ್ಲ, ಆಗಬೇಕಿಲ್ಲ. ನೆನಪು ಅಳಿಯುವುದಿಲ್ಲ, ನೋವಿನ ನೆನಪಾಗಿಯೇ, ಹಿಂದೆ ನಡೆದದ್ದಾಗಿ ಉಳಿಯುತ್ತದೆ. ಘಟನೆಯ ದಿನ ವರ್ಷ ತಿರುಗಿ ಬಂದಾಗ, ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕಾದಾಗ, ಅಂಥದ್ದೇ ಸುದ್ದಿ ಟಿವಿಯಲ್ಲಿ ಬಂದಾಗ ಕನಸುಗಳು ಮರಳಬಹುದು. ಆ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ವಾರ ಒಂಟಿಯಾಗಿರದಂತೆ, ಕುಡಿಯದಂತೆ, ಯಾವ ಜಾಗವನ್ನೂ ಹೊಸದಾಗಿ ಬಿಡದಂತೆ ನೋಡಿಕೊಳ್ಳಬೇಕು. ಏನನ್ನಾದರೂ ಬಿಡಬೇಕೆನ್ನಿಸಿದರೆ ಅಂದೇ ಅದನ್ನು ಹಳೆಯ ಪಟ್ಟಿಯಂತೆ ಮಾಡಿ ಮುಗಿಸುವುದು. ಎರಡು ಮೂರು ವಾರವಾದರೂ ಇಳಿಯದಿದ್ದರೆ ಪಿಸಿಎಲ್-5 ಒಮ್ಮೆ ತುಂಬಿ ನೋಡಿ. ಚಿಕಿತ್ಸೆ ಮುಗಿದಾಗ ಇದ್ದುದಕ್ಕಿಂತ 10 ಅಂಕ ಏರಿದ್ದರೆ ಥೆರಪಿಸ್ಟಿಗೆ ಫೋನ್ ಮಾಡಿ. ಮತ್ತೆ ಮೊದಲಿಂದ ಶುರುಮಾಡಬೇಕಾಗಿ ಬರುವುದು ಅಪರೂಪ, ಸಾಮಾನ್ಯವಾಗಿ ಕೆಲವೇ ಸೆಷನ್ ಸಾಕಾಗುತ್ತದೆ.